ಹದಿಮೂರು ಅಕ್ಷರ ಹೆಚ್ಚಾದ ದಿನ

ನನ್ನ ಹೆಸರು ಚಂಪಿ. ಎರಡೇ ಅಕ್ಷರ. ನಮ್ಮೂರಿನಲ್ಲಿ ಬಡವರ ಮನೆಯಲ್ಲಿ ಹುಟ್ಟಿದವರಿಗೆ ಎರಡಕ್ಕಿಂತ ಹೆಚ್ಚು ಅಕ್ಷರ ಸಿಗುವುದಿಲ್ಲ. ಹೊಟ್ಟೆಬಟ್ಟೆಗೆ ನೇರವಾಗಿರುವವರು ಮೂರೋ ನಾಲ್ಕೋ ಇಟ್ಟುಕೊಳ್ಳುತ್ತಾರೆ. ಅದಕ್ಕೂ ಮೇಲೆ ಹೋದವರು ಬಂದರೆ ಜನ ಕಟ್ಟೆಯಿಂದ ಎದ್ದು ನಿಲ್ಲುತ್ತಾರೆ. ಯಾಕೆಂದರೆ ನಮ್ಮಲ್ಲಿ ಅಕ್ಷರವೇ ತುಟ್ಟಿ: ಯಾವ ಬಾಗಿಲು ತೆರೆಯಬೇಕಾದರೂ ಚೀಟಿ ತೋರಿಸಬೇಕು. ಊರ ಹೆಬ್ಬಾಗಿಲಾದ ಅಗಸೆಯಿಂದ ಹಿಡಿದು ಆ ಬಾಗಿಲಿನವರೆಗಿನ ದಾರಿಯನ್ನು ಚೀಟಿಯಲ್ಲಿ ಒಂದೂ ಬಿಡದೆ ಬರೆಯಬೇಕು: ಬೀದಿ, ಓಣಿ, ಮನೆ, ಪಡಸಾಲೆ, ಒಳಕೋಣೆ, ಹೀಗೆ. ಚೀಟಿಗೆ ಇನ್ನೂರ ಅರವತ್ತು ಚೌಕ, ಒಂದು ಚೌಕಕ್ಕೆ ಒಂದು ಅಕ್ಷರ. ಇನ್ನೂರ ಅರವತ್ತೊಂದನೆಯ ಅಕ್ಷರ ಬಂತೋ, ಬಾಗಿಲು ತೆರೆಯುವುದಿಲ್ಲ. ಹಾರೆ ಹಾಕಿದರೆ ಹಾರೆಯೇ ಬಾಗುತ್ತದೆ. ಒಳಗಿದ್ದವರು ಹೊರಗೆ ಬರುವುದಕ್ಕೂ ಅದೇ ಚೀಟಿ, ಅದೇ ಲೆಕ್ಕ.

ಇದರ ಜೊತೆ ಬಾಳುವುದು ನಮಗೇನೂ ಕಷ್ಟವಲ್ಲ. ಉಗ್ರಾಣಕ್ಕೆ ‘ಉ’ ಎನ್ನುತ್ತೇವೆ. ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ನಿಮ್ಮ ಓಣಿಯ ಹೆಸರು ಎಷ್ಟಕ್ಷರ ಎಂದು. ಮನೆ ಒಳಗೊಳಗೆ ಬೆಳೆಸುವವರು ಮೊದಲು ಅಕ್ಷರ ಎಣಿಸಿ, ಆಮೇಲೆ ಗೋಡೆ ಕಟ್ಟುವ ಗೌಂಡಿಯನ್ನು ಕರೆಯುತ್ತಾರೆ. ತಮ್ಮ ಮನೆಗೆ ಎಷ್ಟುದ್ದ ಹೆಸರಿಟ್ಟರೂ ಅದು ಅವರವರ ಹಣೆಬರಹ. ಆದರೆ ಬೀದಿಯ ಹೆಸರನ್ನು ಒಂದಕ್ಷರ ಉದ್ದ ಮಾಡಲು ಹೋದರೆ ಒಳಗಿರುವ ನೂರು ಮನೆಯವರೂ ಬಡಿಗೆ ಹಿಡಿದು ಬರುತ್ತಾರೆ.

ನಾನು ಪ್ರತಿಮನೆಯ ಮುಖ್ಯಸ್ಥೆ. ಪ್ರತಿಮನೆ ಎಂದರೆ ಊರಿನ ಎಲ್ಲ ಕಾಗದಗಳ ಎಲ್ಲ ಪ್ರತಿಗಳೂ ಇರುವ ಜಾಗ. ಯಾರಾದರೂ ತಮ್ಮ ಕಾಗದ ತಿದ್ದಿಕೊಂಡು ಬಂದರೆ ನಾವು ಹಳೆಯದನ್ನು ಹರಿದು ಎಸೆಯುವುದಿಲ್ಲ. ಅದರ ಮೇಲೆ ಹೊಸದನ್ನಿಟ್ಟು, ಯಾರು ಯಾವ ದಿನ ಏನು ತಿದ್ದಿದರು, ಯಾಕೆ ತಿದ್ದಿದರು ಎಂದು ಒಂದು ಸಾಲು ಬರೆದು ದಾರ ಕಟ್ಟುತ್ತೇವೆ. ದೋಣಿಯ ನಕ್ಷೆ, ಉಪ್ಪಿನಕಾಯಿಯ ಅಳತೆ, ಮದುವೆಯ ಕರಾರು ಎಲ್ಲವೂ ಇವೆ. ತಿದ್ದಿದ್ದು ಕೆಟ್ಟಿತು ಎನ್ನಿಸಿದವರು ಬಂದು, ಹಿಂದಿನದನ್ನು ಕೊಡಿ ಎನ್ನುತ್ತಾರೆ, ತೆಗೆದು ಮೇಜಿನ ಮೇಲೆ ಇಡುತ್ತೇವೆ. ಸಿಟ್ಟಿನಲ್ಲಿ ತಮ್ಮನ ಹೆಸರನ್ನು ಹೊಡೆದುಹಾಕಿದ ಅಣ್ಣಂದಿರು ಇಪ್ಪತ್ತು ವರ್ಷದ ಮೇಲೆ ಬಂದು, ಹಳೆಯ ಪ್ರತಿ ಕೈಗೆ ಬಂದಾಗ ಅತ್ತಿದ್ದನ್ನು ನಾನು ನೋಡಿದ್ದೇನೆ. ಒಳ್ಳೆಯ ಕೆಲಸ. ನನಗೆ ಅದರ ಬಗ್ಗೆ ಜಂಬವೂ ಉಂಟು.

ಆದರೆ ಪ್ರತಿಮನೆ ಕಟ್ಟಿಸಿದ ಭೀಮ ಮಾಸ್ತರರಿಗೆ ಎರಡು ಚಟಗಳಿದ್ದವು. ಒಂದು, ಕೋಣೆಯೊಳಗೆ ಕೋಣೆ ಕಟ್ಟಿಸುವುದು. ಇನ್ನೊಂದು, ಪ್ರತಿ ಕೋಣೆಗೂ ಅದರ ಜಾತಕವೇ ಬರುವ ಹಾಗೆ ಹೆಸರಿಡುವುದು. ಎಲ್ಲಕ್ಕಿಂತ ಒಳಗಿನದನ್ನು ನಾವು ಬಾಯಿಮಾತಿಗೆ ಮೂಲಕೋಣೆ ಎನ್ನುತ್ತೇವೆ. ಅದರ ನಿಜವಾದ ಹೆಸರು ‘ಊರು ಹುಟ್ಟಿದಾಗಿನಿಂದ ಬಂದ ಮೂಲಪ್ರತಿಗಳ ಕೋಣೆ’. ಹದಿನೆಂಟು ಅಕ್ಷರ! ಅಗಸೆಯಿಂದ ಅಲ್ಲಿಯವರೆಗೆ ಒಟ್ಟು ಇನ್ನೂರ ನಲವತ್ತೇಳು. ಹದಿಮೂರು ಚೌಕ ಉಳಿಯುತ್ತಿದ್ದವು, ಆ ಹದಿಮೂರರಲ್ಲಿ ನಾವು ಮೂವತ್ತೈದು ವರ್ಷ ಸಂಸಾರ ನಡೆಸಿದ್ದೆವು.

ನಾವು ಎಂದರೆ ನಾನು ಮತ್ತು ತುಂಗವ್ವ. ತುಂಗವ್ವನಿಗೆ ಈಗ ಅರವತ್ತೆಂಟು. ನನಗೆ ಪ್ರತಿ ತೆಗೆಯುವುದನ್ನು ಕಲಿಸಿದವಳು, ತಪ್ಪಾದಾಗ ಕಿವಿ ಹಿಂಡಿದವಳು. ನಾನು ಮುಖ್ಯಸ್ಥೆ ಆದ ಮೇಲೂ ಎರಡು ಸಲ ಹಿಂಡಿದ್ದಾಳೆ. ತಾಯಿ ಇಲ್ಲದ ನನಗೆ ಆಕೆ ತಾಯಿ. ಸಕ್ಕರೆ ಕಾಯಿಲೆಯವಳು, ಬೆಳಿಗ್ಗೆ ಸೂಜಿ ಚುಚ್ಚಿಕೊಂಡು ಬರುತ್ತಾಳೆ. ಹನ್ನೊಂದಕ್ಕೆ ಸರಿಯಾಗಿ ನನ್ನ ಮೇಜಿನ ಮೇಲೆ ಡಬ್ಬಿ ಬಿಚ್ಚಿ ಎರಡು ರೊಟ್ಟಿ ತಿನ್ನಬೇಕು. ತಿನ್ನದಿದ್ದರೆ ಬೆವರುತ್ತಾಳೆ, ಮಾತು ತಪ್ಪುತ್ತದೆ, ಒಮ್ಮೆಯಂತೂ ಮೆಟ್ಟಿಲ ಮೇಲೆಯೇ ಬಿದ್ದಿದ್ದಳು. ಇನ್ನರ್ಧ ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದಿದ್ದರು ಡಾಕ್ಟರು.

ಪ್ರತಿಮನೆಯ ಮಾಡು ಸೋರುತ್ತಿತ್ತು. ಅದನ್ನು ತಮ್ಮ ಖರ್ಚಿನಲ್ಲಿ ಹೊಸದಾಗಿ ಹೊದಿಸಲು ಊರ ಸಾಹುಕಾರ ಅಪ್ಪಾಸಾಹೇಬರು ಮುಂದೆ ಬಂದರು. ಕೆಟ್ಟ ಮನುಷ್ಯರಲ್ಲ, ಹೆಸರಿನ ಹುಚ್ಚು ಅಷ್ಟೆ. ಮಾಡು ಆದ ಮೇಲೆ ಊರ ಕಮಿಟಿಯವರು ಪ್ರತಿಮನೆಗೆ ಅವರ ಹೆಸರಿಡಲು ಠರಾವು ಮಾಡಿದರು: ‘ಶ್ರೀಮಂತ ದಾನಶೂರ ಧರ್ಮಭೂಷಣ ಅಪ್ಪಾಸಾಹೇಬರವರ ಸ್ಮರಣೀಯ ಮಹಾಪ್ರತಿಮನೆ’. ಮನುಷ್ಯ ಇನ್ನೂ ದಿನಾ ಎರಡು ಹೊತ್ತು ಉಂಡು ಓಡಾಡಿಕೊಂಡಿರುವಾಗ ಸ್ಮರಣೀಯ ಹೇಗಾದನೋ ನನಗೆ ತಿಳಿಯಲಿಲ್ಲ. ನನ್ನ ಸಂಕಟ ಬೇರೆ. ನಾಲ್ಕಕ್ಷರದ ಪ್ರತಿಮನೆ ಇದ್ದಲ್ಲಿ ಮೂವತ್ತು ಅಕ್ಷರ ಬಂದು ಕೂತರೆ, ಒಳಗಿನ ಪ್ರತಿ ಬಾಗಿಲಿನ ದಾರಿಯೂ ಇಪ್ಪತ್ತಾರು ಅಕ್ಷರ ಉದ್ದವಾಗುತ್ತದೆ. ಉಳಿದ ಕೋಣೆಗಳು ಹೇಗೋ ತಡೆಯುತ್ತಿದ್ದವು. ಮೂಲಕೋಣೆ ಮಾತ್ರ ಇನ್ನೂರ ಎಪ್ಪತ್ತಮೂರಕ್ಕೆ ಹೋಗುತ್ತಿತ್ತು. ಹದಿಮೂರು ಹೆಚ್ಚು.

ಕಮಿಟಿಗೆ ಬರೆದುಕೊಟ್ಟೆ. “ಮೂಲಕೋಣಿಗೆ ವರ್ಷಕ್ಕೊಮ್ಮೆ ಹೋಗ್ತೀರಿ, ಅದೂ ಜೇಡರಬಲಿ ತಗಿಯಾಕ. ಬೇಕಾದ್ದೆಲ್ಲಾ ಈ ಕಡೆ ತಂದ ಇಟ್ಕೊಳ್ರಿ” ಎಂದರು. ಜಗಳ ಆಡಬೇಕಿತ್ತು. ಆಡಲಿಲ್ಲ. ಸೋರದ ಮಾಡಿನ ಆಸೆ ನನಗೂ ಇತ್ತು. ಹೊಸ ಹೆಸರಿನ ಸೂಚನೆಯನ್ನು ನಿಯಮದಂತೆ ಏಳು ದಿನ ಅಗಸೆಗೆ ಹಚ್ಚಿದರು. ಎಂಟನೆಯ ದಿನ ಸಂಜೆ ನಾಲ್ಕಕ್ಕೆ ಹಲಗೆ ಏರಿಸುವ ಸಮಾರಂಭ ಎಂದು ಗೊತ್ತಾಯಿತು. ಆ ಬೆಳಿಗ್ಗೆ ನಾನೇ ತುಂಗವ್ವನಿಗೆ, “ಒಳಗ ಉಳದ ಕಾಗದದ ಗಂಟು ತಂದುಬಿಡವ್ವಾ, ನಾಲ್ಕರ ಒಳಗ ಖಾಲಿ ಮಾಡೂಣು” ಎಂದು ಹೇಳಿ ಕಳಿಸಿದೆ. ಕಳಿಸಿದ್ದು ನಾನೇ, ಇದನ್ನು ಯಾರ ತಲೆಗೂ ಕಟ್ಟುವುದಿಲ್ಲ.

ಹತ್ತೂವರೆಗೆ ಬ್ಯಾಂಡಿನವರು ಬಂದರು. ಮಧ್ಯಾಹ್ನ ಅವರಿಗೆ ಬೇರೆ ಮದುವೆ ಇತ್ತಂತೆ, ಅದಕ್ಕಾಗಿ ಸಮಾರಂಭವನ್ನೇ ಹನ್ನೊಂದಕ್ಕೆ ಎಳೆದಿದ್ದರು. ನನಗೆ ಒಂದು ಮಾತು ಹೇಳಿದವರಿಲ್ಲ. ಹನ್ನೊಂದಕ್ಕೆ ಕೈಗೆ ಆರತಿ ತಟ್ಟೆ ಕೊಟ್ಟು ಸಾಲಿನಲ್ಲಿ ನಿಲ್ಲಿಸಿದರು, ಆಗಲೇ ಗೊತ್ತಾಯಿತು. “ತಡೀರಿ, ತುಂಗವ್ವ ಒಳಗದಾಳ!” ಎಂದು ಕೂಗಿದೆ. ಕಹಳೆಯವನು ನನ್ನ ಕಿವಿಯ ಹತ್ತಿರವೇ ಊದುತ್ತಿದ್ದ. ತಟ್ಟೆ ಕೆಳಗೆ ಹಾಕಿ ಓಡಿದೆ. ಮೂರನೆಯ ಬಾಗಿಲು ದಾಟುವಷ್ಟರಲ್ಲಿ ಹೊರಗೆ ಚಪ್ಪಾಳೆ ಕೇಳಿಸಿತು. ಹಲಗೆ ಏರಿತ್ತು, ಅತ್ತ ಅಗಸೆಯಲ್ಲಿ ಹೊಸ ಹೆಸರಿಗೆ ಮುದ್ರೆ ಬಿದ್ದಿತ್ತು.

ಮೂಲಕೋಣೆಯ ಮುಂದೆ ಒಂದು ಇಕ್ಕಟ್ಟಾದ ಮೊಗಸಾಲೆ ಇದೆ. ಅಲ್ಲಿಯವರೆಗೆ ದಾರಿ ಈಗ ಇನ್ನೂರ ಐವತ್ತೈದು, ತೆರೆಯಿತು. ಅದರಾಚೆಯ ಬಾಗಿಲು ಮುಚ್ಚಿತ್ತು. ಗೆದ್ದಲು ಹೋಗಬಾರದೆಂದು ಸುತ್ತ ಚರ್ಮ ಬಡಿದ ಬಾಗಿಲು, ಕೆಳಗೆ ಒಂದು ಕಾಗದ ತೂರುವಷ್ಟೂ ಸಂದಿಲ್ಲ. ಒಳಗಿನಿಂದ ಸಣ್ಣಗೆ ಧ್ವನಿ ಬಂತು.

“ಚಂಪೀ, ಬಾಗಲಾ ಯಾಕ ತಗೀವಲ್ದು?”

“ಹಲಗಿ ಏರಿಸಿಬಿಟ್ರವ್ವಾ.”

ತುಂಗವ್ವ ಅಪ್ಪಾಸಾಹೇಬರ ಮೂವತ್ತು ಅಕ್ಷರಗಳಿಗೂ ಒಂದೊಂದರಂತೆ ಬೈದಳು. ಇಲ್ಲಿ ಬರೆಯಲಾರೆ. ಬೈಗುಳ ಮುಗಿದ ಮೇಲೆ, “ನನ್ನ ಡಬ್ಬಿ ನಿನ್ನ ಮೇಜಿನ ಮ್ಯಾಗ ಐತಿ” ಎಂದಳು. ಆಗ ಹನ್ನೊಂದೂ ಹತ್ತು.

ಅಪ್ಪಾಸಾಹೇಬರು ಸುದ್ದಿ ಕೇಳಿ, ಹಾರ ಹಾಕಿಕೊಂಡೇ ಒಳಗೆ ಓಡಿಬಂದರು. ಅವರ ಮುಖ ನೋಡಿದ ಮೇಲೆ ಬೈಯಲು ನನಗೆ ಮನಸ್ಸಾಗಲಿಲ್ಲ. “ಹಲಗಿ ಇಳಸ್ರಿ! ಈಗ ಇಳಸ್ರಿ! ನನ್ನ ಹೆಸರಿಗೆ ಬೆಂಕಿ ಹಚ್ಚಲಿ!” ಎಂದು ಕೂಗಿದರು. ಇಳಿಸಿದರು. ಬಾಗಿಲು ಮಿಸುಕಲಿಲ್ಲ. ಹಲಗೆ ಇಳಿಸಿದ ಮಾತ್ರಕ್ಕೆ ಹೆಸರು ಇಳಿಯುವುದಿಲ್ಲ. ಬೇರೆ ಹೆಸರಿಡಬೇಕೆಂದರೆ ಮತ್ತೆ ಏಳು ದಿನ ಸೂಚನೆ ಹಚ್ಚಬೇಕು. ಹಳೆಯ ಹೆಸರಿಗೇ ಮರಳುವುದಾದರೆ ಏಳು ದಿನ ಬೇಡ, ಹಳೆಯ ಹೆಸರಿನ ಮೂಲಪ್ರತಿಯನ್ನು ತಂದು ಅಗಸೆಯ ಕಲ್ಲಿನ ಮೇಲೆ ಇಟ್ಟರೆ ಸಾಕು.

“ತುಂಗವ್ವಾ, ಪ್ರತಿಮನಿ ಹೆಸರಿನ ಮೂಲಪ್ರತಿ ಎಲ್ಲೈತಿ?” ಎಂದು ಬಾಗಿಲಿಗೆ ಬಾಯಿ ಹಚ್ಚಿ ಕೇಳಿದೆ.

“ನನ್ನ ಕೈಯಾಗ ಐತಿ. ಅದನ್ನ ತರಾಕ ಬಂದಿದ್ನಲ್ಲಾ” ಎಂದಳು.

ಅಪ್ಪಾಸಾಹೇಬರು ಹಾರ ಕಿತ್ತೆಸೆದು ನೆಲದ ಮೇಲೆ ಕುಳಿತುಬಿಟ್ಟರು. ನನಗೂ ಕುಳಿತುಕೊಳ್ಳಬೇಕು ಎನ್ನಿಸಿತು. ಆದರೆ ಒಂದು ಯೋಚನೆ ಬಂತು. ಪ್ರತಿ ಇಲ್ಲದೆಯೇ ಹೆಸರು ಮರಳಿಸುವ ದಾರಿ ಇದ್ದರೆ ಅದು ಒಂದೇ ಪುಸ್ತಕದಲ್ಲಿ ಇರಬೇಕು: ಅಗಸೆ ಕಾಯುವ ಮನೆತನದ ಪುಸ್ತಕದಲ್ಲಿ. ಆ ಪುಸ್ತಕ ಪ್ರತಿಮನೆಗೆ ಬಂದಿದ್ದರೆ ಖಂಡಿತ ಮೂಲಕೋಣೆಯಲ್ಲೇ ಇರುತ್ತಿತ್ತು. ಬಂದಿರಲಿಲ್ಲ. ಅಗಸೆಯ ಈರಣ್ಣ ಆರು ವರ್ಷದ ಹಿಂದೆ ಅದನ್ನು ತಂದಿದ್ದ, ನಾನು ಮೂರು ಸಲ ತಿರುಗಿಸಿ ಕಳಿಸಿದ್ದೆ. ‘ಅಗಸೆ ಕಾಯುವವರ ವಂಶಾವಳಿ ಮತ್ತು ವಿಧಿವಿಧಾನಗಳ ಪುಸ್ತಕ’ ಎಂದು ಹೆಸರು. ಉಳಿದ ಹದಿಮೂರು ಚೌಕದಲ್ಲಿ ಇಷ್ಟುದ್ದ ಹಿಡಿಯುವುದಿಲ್ಲ, ‘ಅಗಸೆ ಪುಸ್ತಕ’ ಎಂದು ಬರೆಯಿರಿ ಎಂದಿದ್ದೆ. “ನಮ್ಮಪ್ಪ ಇಟ್ಟ ಹೆಸರು ಕತ್ತರಿಸಾಕ ನಿಮಗ ಯಾರ ಅಧಿಕಾರ ಕೊಟ್ರು?” ಎಂದು ಹತ್ತು ಜನರ ಎದುರು ಕೇಳಿದ. “ಇಲ್ಲಿ ಚೌಕ ಎಣಸೂದು ನಾನು” ಎಂದೆ. ಆವತ್ತಿನಿಂದ ಅವನು ನನ್ನನ್ನು ಕಂಡರೆ ಆ ಕಡೆ ಉಗುಳುತ್ತಿದ್ದ, ನಾನು ಈ ಕಡೆ.

ಅಗಸೆಯವರೆಗೆ ಓಡಿದೆ. ಐವತ್ತೆರಡರ ಹೆಂಗಸು, ಸೀರೆ ಎತ್ತಿಕಟ್ಟಿ ದೊಡ್ಡಬೀದಿಯಲ್ಲಿ ಓಡುವುದನ್ನು ನೋಡಿ ಜನ ಅಂಗಡಿ ಬಿಟ್ಟು ಹಿಂದೆ ಬಂದರು. ಈರಣ್ಣ ಕಲ್ಲಿನ ಮೇಲೆ ಕುಳಿತು ಮುದ್ರೆ ಒರೆಸುತ್ತಿದ್ದ.

“ಏನ್ರಿ, ದಾರಿ ತಪ್ಪಿತೇನು? ಇದು ಅಗಸಿ” ಎಂದ.

“ಈರಣ್ಣಾರ, ತಪ್ಪಾತು. ಅವತ್ತು ನಂದು ತಪ್ಪು. ನಿಮ್ಮ ಪುಸ್ತಕ ನೋಡಬೇಕು. ತುಂಗವ್ವ ಮೂಲಕೋಣ್ಯಾಗ ಸಿಕ್ಕೊಂಡಾಳ, ಸೂಜಿ ಚುಚ್ಚಿಕೊಂಡಾಳ, ಉಂಡಿಲ್ಲ.”

ಅವನ ಕೈಯಿಂದ ಮುದ್ರೆ ಜಾರಿ ಕಲ್ಲಿನ ಮೇಲೆ ಬಿತ್ತು. “ನಾ ಹಾಕಿದ ಮುದ್ರಿಯಿಂದೇನು?” ಎಂದ. ಅವನಿಗೂ ಅಕ್ಷರ ಕಲಿಸಿದವಳು ತುಂಗವ್ವನೇ. ಅಗಸೆ ಕಾಯುವವನ ಮಗ ಅಕ್ಷರ ಕಲಿತು ಏನು ಮಾಡುತ್ತಾನೆ ಎಂದು ಊರು ನಗುವಾಗ, ತನ್ನ ಜಗಲಿಯ ಮೇಲೆ ಕೂರಿಸಿಕೊಂಡು ಕಲಿಸಿದ್ದಳು.

ಎದ್ದು ಒಳಗೆ ಹೋದ. ಪುಸ್ತಕ ತಂದ. ಆದರೆ ನನ್ನ ಕೈಗೆ ಕೊಡಲಿಲ್ಲ, ಎದೆಗೆ ಅವಚಿಕೊಂಡು ನಿಂತ.

“ಪ್ರತಿ ಇಲ್ದ ಹೆಸರು ತಿರುಗಿಸಾಕ ಬರಂಗಿಲ್ಲ. ಅದು ನನಗ ಬಾಯಿಪಾಠ” ಎಂದ.

“ಹಂಗಾದ್ರ ಏನೂ ಇಲ್ಲೇನು?”

ಅವನು ಹಿಂದೆ ನಿಂತ ಜನರನ್ನು ನೋಡಿದ, ತಲೆಯ ಮೇಲಿನ ಅಗಸೆಯ ಕಲ್ಲುತೊಲೆಯನ್ನು ನೋಡಿದ. ಆಮೇಲೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದ. “ಒಂದು ಪುಟ ಐತ್ರಿ. ನಮ್ಮಪ್ಪ ಅದನ್ನ ಯಾರಿಗೂ ತೋರಸಬ್ಯಾಡ ಅಂದಾನ. ಅವರಪ್ಪನೂ ಹಂಗ ಹೇಳಿದ್ನಂತ. ಆ ಪುಟ ಹೊರಗ ಬಿದ್ರ ನಮ್ಮನ್ನ ಯಾರೂ ಕೇಳಂಗಿಲ್ಲ. ಈ ಕಲ್ಲಿನ ಮ್ಯಾಗ ಕುಂಡ್ರೂದ ಒಂದ ನಮ್ಮ ಆಸ್ತಿ.”

ಅವನಿಂದ ಕಸಿದುಕೊಳ್ಳುವ ಹಕ್ಕು ನನಗಿರಲಿಲ್ಲ. ಕೈಮುಗಿದೆ, ಅಷ್ಟೆ.

ಈರಣ್ಣ ಕಣ್ಣು ಮುಚ್ಚಿ ತೆರೆದ. ಪುಸ್ತಕ ಬಿಚ್ಚಿ, ಎಲ್ಲರಿಗೂ ಕೇಳುವ ಹಾಗೆ ಓದಿದ. “ಅಗಸೆ ಎಂದರೆ ಎರಡು ಕಂಬ, ಮೇಲೊಂದು ತೊಲೆ, ಒಂದು ಹೆಸರು. ಬೇಕಾದಲ್ಲಿ ನಿಲ್ಲಿಸಬಹುದು. ಅಗಸೆ ಕಾಯುವವನು ಹೌದೆನ್ನಬೇಕು, ಆ ಜಾಗ ನೋಡಿಕೊಳ್ಳುವವರು ಹೌದೆನ್ನಬೇಕು. ಒಬ್ಬರು ಹೌದೆಂದು ಇನ್ನೊಬ್ಬರು ಸುಮ್ಮನಿದ್ದರೆ ಅದು ಬರೀ ಕಂಬ.”

“ಏಳು ದಿನದ ಸೂಚನಿ?” ಎಂದು ಯಾರೋ ಹಿಂದಿನಿಂದ ಕೇಳಿದರು.

“ಸೂಚನಿ ಹಚ್ಚಾಕ ಮೊದಲ ಅಗಸಿ ಇರಬೇಕಲ್ಲೋ ಮಾರಾಯಾ” ಎಂದ ಈರಣ್ಣ. ಹೇಳುತ್ತಲೇ ಓಡಲು ಶುರುಮಾಡಿದ್ದ.

ಮೊಗಸಾಲೆಗೆ ಮರಳಿದಾಗ ಹನ್ನೆರಡು ದಾಟಿತ್ತು. ಅಪ್ಪಾಸಾಹೇಬರು ಬಾಗಿಲ ಮುಂದೆಯೇ ಕುಳಿತು ತುಂಗವ್ವನನ್ನು ಮಾತಾಡಿಸುತ್ತಿದ್ದರು. ನನ್ನನ್ನು ನೋಡಿದ್ದೇ, “ಚಂಪಕ್ಕಾರ, ಆಕಿ ಮಾತು ತೊದಲಾಕ ಹತ್ತ್ಯಾವ” ಎಂದರು. ಬಾಗಿಲಿಗೆ ಕಿವಿಯಿಟ್ಟೆ. ಒಳಗೆ ತುಂಗವ್ವ ಗಂಟು ಎಣಿಸುತ್ತಿದ್ದಳು: ಏಳು, ಎಂಟು, ಏಳು, ಎಂಟು. ಲೆಕ್ಕದಲ್ಲಿ ಎಂದೂ ತಪ್ಪದವಳು.

“ತುಂಗವ್ವಾ, ನಾನು.”

“ಯಾರು?” ಎಂದಳು.

ಅಳಲು ಹೊತ್ತಿರಲಿಲ್ಲ. ಮೇಲಿನ ಗಂಟು ತೆಗೆಯುವ ಏಣಿಗಳು ಎರಡು ಅಲ್ಲೇ ಇದ್ದವು. ಅವನ್ನು ಮೊಗಸಾಲೆಯ ಎರಡೂ ಗೋಡೆಗೆ ಒಂದೊಂದು ನಿಲ್ಲಿಸಿದೆವು. ಕಂಬ ಆಯಿತು. ತೊಲೆಗೆ ಏನು ಮಾಡುವುದು? ಹೊಸ ಮಾಡು ಆದ ಮೇಲೆ ಒಂದು ತುಂಡು ಮರವನ್ನೂ ಬಡಿಗೇರರು ಉಳಿಸಿರಲಿಲ್ಲ. ಅಪ್ಪಾಸಾಹೇಬರು ಥಟ್ಟನೆ ಎದ್ದು ಹೊರಗೆ ಹೋದರು. ಮರಳಿ ಬಂದಾಗ ಅವರ ಹೆಗಲ ಮೇಲೆ ತಮ್ಮದೇ ಹೆಸರಿನ ಹಲಗೆ ಇತ್ತು, ಇನ್ನೊಂದು ತುದಿಯನ್ನು ಕಮಿಟಿಯ ಇಬ್ಬರು ಹಿಡಿದಿದ್ದರು. ಒಳ್ಳೆಯ ತೇಗದ ಹಲಗೆ, ಮೂವತ್ತು ಅಕ್ಷರ ಹಿಡಿಯುವಷ್ಟು ಉದ್ದ. “ಇದು ಸಾಕಾಗ್ತದೇನ್ರಿ?” ಎಂದು ಕೇಳಿದರು. ಎರಡು ಏಣಿಗಳ ಮೇಲೆ ಅಡ್ಡಲಾಗಿ ಇಟ್ಟೆವು. ಹೇಳಿ ಮಾಡಿಸಿದ ಹಾಗೆ ಕುಳಿತುಕೊಂಡಿತು.

“ಹೆಸರು?” ಎಂದ ಈರಣ್ಣ.

“ತು” ಎಂದೆ.

“ಒಂದ ಅಕ್ಷರ?”

“ಒಂದ ಅಕ್ಷರ.”

ಸೀಮೆಸುಣ್ಣದಿಂದ ಅಪ್ಪಾಸಾಹೇಬರ ಹೆಸರಿನ ಮೇಲೆಯೇ ದೊಡ್ಡದಾಗಿ ‘ತು’ ಎಂದು ಬರೆದ. ಮುದ್ರೆ ಹಿಡಿದು ನನ್ನ ಮುಖ ನೋಡಿದ. ಆರು ವರ್ಷದಲ್ಲಿ ನಾವು ನೇರವಾಗಿ ಒಬ್ಬರ ಮುಖ ಒಬ್ಬರು ನೋಡಿದ್ದು ಆವತ್ತೇ. “ಹೌದು” ಎಂದ. “ಹೌದು” ಎಂದೆ. ಮುದ್ರೆ ಬಿತ್ತು.

ಚೀಟಿ ತೆಗೆದು ಬರೆದೆ. ಅಕ್ಷರ ನೆಟ್ಟಗೆ ಬಂದವು. ಬಾಗಿಲಿಗೆ ಹಿಡಿದೆ. ತೆರೆಯಲಿಲ್ಲ. ಇನ್ನೊಮ್ಮೆ ಹಿಡಿದೆ. ಇಲ್ಲ. ಅಷ್ಟರಲ್ಲಿ ಮೊಗಸಾಲೆಯ ತುಂಬ ಜನ ನೆರೆದಿದ್ದರು. ಒಳಗೆ ಎಣಿಕೆ ನಿಂತುಹೋಗಿತ್ತು. ನಾನು ಬಾಗಿಲನ್ನು ಎರಡೂ ಕೈಯಿಂದ ಗುದ್ದಿದೆ. “ಮುಗೀತು, ನಾನ ಕೊಂದೆ, ನಾನ ಕಳಿಸಿದೆ!” ಎಂದು ಬಾಯಿ ಮಾಡಿದೆ. ಅಪ್ಪಾಸಾಹೇಬರು ಗೋಡೆಗೆ ತಲೆ ಆನಿಸಿ ನಿಂತರು.

ಈರಣ್ಣ ನನ್ನ ಕೈಯಿಂದ ಚೀಟಿ ತೆಗೆದುಕೊಂಡು ಬೆಳಕಿಗೆ ಹಿಡಿದ. ಅವನ ತುಟಿ ಅಲ್ಲಾಡಿತು. ಆಮೇಲೆ, “ಚಂಪಕ್ಕಾರ, ಎಲ್ಲಿಂದ ಸುರು ಮಾಡೀರಿ ನೋಡ್ರಿ” ಎಂದ.

ನೋಡಿದೆ. ಮೊದಲ ಚೌಕದಿಂದ ಬರೆದಿದ್ದೆ: ಅಗಸೆ, ದೊಡ್ಡಬೀದಿ, ಶ್ರೀಮಂತ ದಾನಶೂರ. ಅವಸರದಲ್ಲಿ ಕೊನೆಯ ಅಕ್ಷರಗಳು ಚೌಕ ದಾಟಿ ಅಂಚಿಗೆ ಹೋಗಿದ್ದನ್ನೂ ಕಂಡಿರಲಿಲ್ಲ. ನಮ್ಮೂರಿನಲ್ಲಿ ಹುಟ್ಟಿದ ಯಾರ ಕೈಯೂ ಬೇರೆ ಕಡೆಯಿಂದ ಶುರುಮಾಡುವುದಿಲ್ಲ. ತೊಟ್ಟಿಲ ಕೂಸಿನ ಚೀಟಿಯೂ ಅಗಸೆಯಿಂದಲೇ. ಹೊಸ ಅಗಸೆಯನ್ನು ಕಣ್ಣೆದುರಿಗೆ ನಿಲ್ಲಿಸಿ, ಅದರ ಕೆಳಗೇ ನಿಂತು, ನಾನು ಊರೆಲ್ಲ ಸುತ್ತಿಕೊಂಡು ಬಂದಿದ್ದೆ. ಛೀ, ನನ್ನ ಬುದ್ಧಿಗಿಷ್ಟು!

ಹೊಸ ಚೀಟಿ ತೆಗೆದೆ. ‘ತು’ ಎಂದು ಮೊದಲ ಚೌಕದಲ್ಲಿ ಬರೆದೆ. ಬರೆಯುವಾಗ ಏನೋ ಅಪಚಾರ ಮಾಡುತ್ತಿದ್ದೇನೆ ಎನ್ನಿಸಿತು. ಅದರ ಮುಂದೆ ಭೀಮ ಮಾಸ್ತರರು ಇಟ್ಟ ಹದಿನೆಂಟು ಅಕ್ಷರ. ಹತ್ತೊಂಬತ್ತು ಚೌಕಕ್ಕೆ ಮುಗಿದುಹೋಯಿತು. ಒಂದು ಸಾಲೂ ತುಂಬಲಿಲ್ಲ. ಉಳಿದ ಚೀಟಿಯೆಲ್ಲ ಬೆಳ್ಳಗೆ ಖಾಲಿ ಇತ್ತು. ಅಷ್ಟು ಖಾಲಿ ಚೀಟಿಯನ್ನು ನಾನು ಎಂದೂ ಹಿಡಿದಿರಲಿಲ್ಲ, ಇದನ್ನು ನೋಡಿ ಬಾಗಿಲು ನಗುತ್ತದೆಯೋ ಏನೋ ಎಂದುಕೊಂಡು ಮುಂದೆ ಹಿಡಿದೆ.

ಬಾಗಿಲು ತೆರೆಯಿತು.

ತುಂಗವ್ವ ಗಂಟುಗಳಿಗೆ ಒರಗಿ ಕುಳಿತಿದ್ದಳು. ರವಿಕೆ ಬೆವರಿಗೆ ತೊಯ್ದಿತ್ತು, ಕಣ್ಣು ಅರ್ಧ ಮುಚ್ಚಿತ್ತು, ಕೈಯಲ್ಲಿ ಕಾಗದವನ್ನು ಗಟ್ಟಿಯಾಗಿ ಹಿಡಿದೇ ಇದ್ದಳು. ಈರಣ್ಣ ಮಗುವನ್ನು ಎತ್ತುವ ಹಾಗೆ ಎತ್ತಿ ಮೊಗಸಾಲೆಗೆ ತಂದ. ಅಷ್ಟರಲ್ಲಿ ಯಾರೋ ಸಕ್ಕರೆ ನೀರು ತಂದಿದ್ದರು. ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಸ್ವಲ್ಪಸ್ವಲ್ಪವೇ ಕುಡಿಸಿದೆ. ಮೊದಲ ಗುಟುಕು ಕೆನ್ನೆಯ ಮೇಲೆ ಹರಿಯಿತು. ಎರಡನೆಯದು ಒಳಗೆ ಹೋಯಿತು. ಮೂರನೆಯದಕ್ಕೆ ತಾನೇ ಬಾಯಿ ತೆರೆದಳು. ನಾಲ್ಕನೆಯದಕ್ಕೆ ಕಣ್ಣು ತೆರೆದು, “ಇಷ್ಟ ಸಕ್ಕರಿ ಯಾರ ಹಾಕ್ಯಾರ? ನನ್ನ ಕೊಲ್ಲಬೇಕಂತ ಮಾಡೀರೇನು?” ಎಂದಳು.

ಜನ ಕೂಗಿದ ಕೂಗು ಹೇಗಿತ್ತೆಂದರೆ, ಮೊಗಸಾಲೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಬೀದಿಗೆ, ಬೀದಿಯಿಂದ ಅಗಸೆಗೆ ಒಂದೇ ಸಮ ಹೋಯಿತಂತೆ. ಅಗಸೆಯ ಹೊರಗೆ ಗಾಡಿ ಬಿಟ್ಟುಕೊಂಡಿದ್ದವರು ಸಹ ಏನೆಂದು ತಿಳಿಯದೆ ಶಿಳ್ಳೆ ಹೊಡೆದರಂತೆ. ನಾನು ಜೋರಾಗಿ ಅತ್ತೆ. ಮುಖ್ಯಸ್ಥೆ ಆಗಿ ಎಲ್ಲರ ಎದುರು ಅಳಬಾರದು ಎನ್ನುವುದೆಲ್ಲ ನನಗೆ ಗೊತ್ತು. ಆವತ್ತು ಅತ್ತೆ, ಅತ್ತದ್ದು ಒಳ್ಳೆಯದಾಯಿತು. ಈರಣ್ಣ ಮೂಗು ಒರೆಸಿಕೊಳ್ಳುತ್ತ ಆ ಕಡೆ ತಿರುಗಿ ನಿಂತ.

ಆಮೇಲೆ ಎಲ್ಲರಿಗೂ ಹೊಸ ಅಗಸೆ ದಾಟಿ ನೋಡುವ ಹುರುಪು ಹತ್ತಿತು. ಒಬ್ಬರ ಹಿಂದೆ ಒಬ್ಬರು ‘ತು’ ಎಂದು ಬರೆದ ಚೀಟಿ ಹಿಡಿದು ಮೂಲಕೋಣೆಗೆ ಹೋಗಿ ಬಂದರು, ಸುಮ್ಮನೆ, ಖುಷಿಗೆ. ಏಣಿ ಗಿಡ್ಡ, ಹಲಗೆ ತಗ್ಗಿನಲ್ಲಿ ಇತ್ತು. ಎತ್ತರದ ಆಳಾದ ಅಪ್ಪಾಸಾಹೇಬರು ತಮ್ಮ ಹೆಸರಿನ ಕೆಳಗೆ ಸೊಂಟದವರೆಗೆ ಬಗ್ಗಿಯೇ ಹೋಗಬೇಕಾಯಿತು. ಹೋಗಿ ಬಂದು, “ಹಲಗಿ ಇಲ್ಲೇ ಇರಲ್ರಿ, ಚಲೋ ಒಪ್ಪೈತಿ” ಎಂದರು. ಹೊರಗಿನ ಹೆಸರನ್ನು ಅವರೇ ತುಂಗವ್ವನ ಕೈಯ ಕಾಗದ ಒಯ್ದು ಅಗಸೆಯ ಕಲ್ಲಿನ ಮೇಲಿಟ್ಟು ಹಳೆಯ ನಾಲ್ಕಕ್ಷರಕ್ಕೆ ಮರಳಿಸಿದರು. ಬದಲಾವಣೆಯ ಸಾಲಿನಲ್ಲಿ ಕಾರಣ ಏನು ಬರೆಯಲಿ ಎಂದು ನಾನು ಕೇಳಿದಾಗ, “ಹೆಸರಿಗಿಂತ ಮನುಷ್ಯಾ ದೊಡ್ಡಾಂವ ಅಂತ ಬರೀರಿ” ಎಂದು ತಾವೇ ನಕ್ಕರು. ಹಾಗೆಯೇ ಬರೆದೆ.

ಈರಣ್ಣನನ್ನು ಯಾರೂ ಕೇಳುವುದಿಲ್ಲ ಎನ್ನುವ ಭಯ ಅರ್ಧ ಗಂಟೆಯೂ ಉಳಿಯಲಿಲ್ಲ. ಮೊಗಸಾಲೆಯಲ್ಲೇ ಹದಿನಾಲ್ಕು ಜನ ಅವನ ತೋಳು ಹಿಡಿದು ಎಳೆದಾಡುತ್ತಿದ್ದರು. ಒಬ್ಬಳ ಅಜ್ಜಿಯ ಪೆಟ್ಟಿಗೆ ಓಣಿಯ ಹೆಸರು ಬದಲಾದಾಗಿನಿಂದ ತೆರೆದಿರಲಿಲ್ಲ. ಒಬ್ಬನ ಹಿತ್ತಲ ಬಾವಿಯ ಕೋಣೆ ಎರಡೇ ಅಕ್ಷರದಿಂದ ಮುಚ್ಚಿಹೋಗಿ ಹನ್ನೊಂದು ವರ್ಷ. “ನಮ್ಮನಿಗೆ ಬರ್ರಿ ಈರಣ್ಣಾರ”, “ಮೊದಲ ನಮ್ಮನಿಗೆ.” ಅಪ್ಪ, ಅಜ್ಜ ಎಲ್ಲರೂ ಕಲ್ಲಿನ ಮೇಲೆ ಕುಳಿತೇ ಕಾಲ ಕಳೆದ ಮನೆತನದವನು, ಈಗ ಎಲ್ಲಿ ಮೊದಲು ಹೋಗಲಿ ಎಂದು ತಿಳಿಯದೆ ನನ್ನ ಕಡೆ ನೋಡಿದ. ಎಲ್ಲ ಕಡೆಗೂ ಅವನು ಹೌದೆನ್ನಬೇಕು, ಮನೆಯವರು ಹೌದೆನ್ನಬೇಕು. ಕೆಲಸ ಎಂದರೆ ಕೆಲಸ. ಆ ವಾರ ಅವನು ಮನೆಗೆ ಊಟಕ್ಕೂ ಹೋಗಲಿಲ್ಲವಂತೆ, ಹೋದಲ್ಲೆಲ್ಲ ಎಲೆ ಹಾಕಿ ಬಡಿಸಿದರಂತೆ.

ಮಧ್ಯಾಹ್ನ ಎರಡರ ಹೊತ್ತಿಗೆ ಜನ ಕರಗಿದರು. ತುಂಗವ್ವ ಉಂಡು, ಮುಖ ತೊಳೆದು, ಮೊಗಸಾಲೆಯ ಗೋಡೆಗೆ ಒರಗಿ ಕುಳಿತಿದ್ದಳು. ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದರೆ ಏಳಲೊಲ್ಲಳು. ಇನ್ನು ಮೇಲೆ ಮೂಲಕೋಣೆಯ ಕಡೆ ನಿನ್ನನ್ನು ಕಳಿಸುವುದಿಲ್ಲ, ಮುಂದಿನ ಪಡಸಾಲೆಯಲ್ಲೇ ಕೂತು ಬರೆ ಎಂದೆ. ಅವಳು ಕೈ ಚಾಚಿ ನನ್ನ ಚೀಟಿಯನ್ನು ಕೇಳಿದಳು. ಕೊಟ್ಟೆ. ಬೆರಳಿಟ್ಟು ತುಂಬಿದ ಚೌಕಗಳನ್ನು ಎಣಿಸಿದಳು, ಆಮೇಲೆ ಖಾಲಿ ಚೌಕಗಳನ್ನು ಒಂದೊಂದಾಗಿ ಎಣಿಸತೊಡಗಿದಳು. ನಾನು ಕಾದೆ. ಒಂದೂ ತಪ್ಪಲಿಲ್ಲ.

“ಇನ್ನೂರಾ ನಲವತ್ತೊಂದು” ಎಂದಳು. ಮೂಲಕೋಣೆಯ ತೆರೆದ ಬಾಗಿಲನ್ನೂ ಅದರಾಚೆಯ ಹಿಂದಿನ ಗೋಡೆಯನ್ನೂ ಬಹಳ ಹೊತ್ತು ನೋಡಿದಳು. ಅವಳ ಕಣ್ಣಿನಲ್ಲಿ ಮೂವತ್ತೈದು ವರ್ಷದಲ್ಲಿ ನಾನು ಕಾಣದ ಒಂದು ಹೊಳಪು ಬಂದಿತ್ತು. “ಚಂಪೀ, ಇಷ್ಟ ಜಾಗಾ ಐತಿ. ಆ ಗ್ವಾಡಿ ಒಡದು ಒಳಗ ಇನ್ನೊಂದು ಕೋಣಿ ಕಟ್ಟೂಣೇನು?”

ಮರುದಿನ ಬೆಳಿಗ್ಗೆ ಗೌಂಡಿಯನ್ನು ಕರೆಸಿದೆವು.